ಮರುಳಸಿದ್ದಮ್ಮನ ನಾಯಿ ಬೇಲಿ ಹಾರುವುದಿಲ್ಲ

ನಮ್ಮ ಸುಲ್ತಾನನನ್ನು ಮೊದಲ ಸಲ ತೂಗಿದ್ದು ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ. ನಲವತ್ತೊಂದು ಕಿಲೋ ಬಂತು. “ಚೀಲದ್ದು ಕಳೀಲೇನ್ರಿ ಮೇಷ್ಟ್ರ?” ಎಂದು ಕಾಟಾದವನು ಕೇಳಿದ. ಲ್ಯಾಬ್ರಡಾರ್ ನಾಯಿಯಲ್ಲಿ ಚೀಲ ಬೇರೆ, ಸರಕು ಬೇರೆ ಎಂದು ಇರುವುದಿಲ್ಲ. ಎಲ್ಲವೂ ಸರಕೇ.

ಸರಕು ಇಷ್ಟು ಬೆಳೆಯಲು ಕಾರಣ ಯಾರು ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿ ಸೌಭಾಗ್ಯಳಿಗೂ ಭಿನ್ನಾಭಿಪ್ರಾಯವಿದೆ. ಸಂಜೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ನನ್ನ ಎಡಗೈ ಕುರ್ಚಿಯ ಕೆಳಗೆ ಹೋಗಿ ಬರುತ್ತದೆ ಎಂದು ಆಕೆಯ ಆರೋಪ. ಕೊಟ್ಟೂರಿನಲ್ಲಿ ಹುಟ್ಟಿದ ಪ್ರಾಣಿಗೆ ಮಿರ್ಚಿ ತೋರಿಸಿ ತಿನ್ನಬೇಡ ಅನ್ನುವುದು ಅಧರ್ಮ ಎಂದು ನನ್ನ ವಾದ. ವಾದದಲ್ಲಿ ನಾನು ಗೆದ್ದೆ. ಮರುದಿನ ಆಕೆ ನಾಯಿಯ ಹೊಟ್ಟೆಯನ್ನೂ ನನ್ನ ಹೊಟ್ಟೆಯನ್ನೂ ಒಂದೇ ನೋಟದಲ್ಲಿ ನೋಡಿ, “ಇಬ್ರಿಗೂ ಒಂದ ಔಷಧಿ” ಎಂದು ಹೇಳಿ ನಮ್ಮನ್ನು ಸೋಮಶೇಖರನ ಭಾನುವಾರದ ಕ್ಲಾಸಿಗೆ ಅಟ್ಟಿದಳು.

ಸೋಮಶೇಖರ್ ಸೇನೆಯ ನಾಯಿದಳದಲ್ಲಿ ಹದಿನೇಳು ವರ್ಷ ಇದ್ದು ಊರಿಗೆ ಬಂದವನು. ಮುಚ್ಚಿಹೋದ ಹತ್ತಿ ಜಿನ್ನಿನ ಬಯಲಿನಲ್ಲಿ ನಾಯಿ ಸಾಕಿದವರನ್ನೆಲ್ಲ ಸೇರಿಸಿ ಅಜಿಲಿಟಿ ಕಲಿಸುತ್ತಾನೆ. ಅಂದರೆ ನಾಯಿ ತನ್ನ ಯಜಮಾನನ ಕೈಸನ್ನೆ ನೋಡುತ್ತ ಒಂದು ಸುತ್ತು ಓಡಬೇಕು. ದಾರಿಯಲ್ಲಿ ಅಡ್ಡಗೋಲು ಹಾರಬೇಕು, ಸುರಂಗ ನುಗ್ಗಬೇಕು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹರಿಯಬೇಕು. ದೊಡ್ಡ ಊರುಗಳಲ್ಲಿ ಇದಕ್ಕೆ ಬಣ್ಣಬಣ್ಣದ ಸಾಮಾನು ಸಿಗುತ್ತವಂತೆ. ನಮ್ಮ ಸುರಂಗ ಬಾವಿಗೆ ಇಳಿಸುವ ಸಿಮೆಂಟ್ ಬಳೆಗಳದ್ದು. ಸಾಲುಕೋಲುಗಳು ಹರಿದ ಡ್ರಿಪ್ ಪೈಪಿನ ತುಂಡುಗಳು. ಅಡ್ಡಗೋಲೆಂದರೆ ಇಟ್ಟಿಗೆಗಳ ಮೇಲೆ ಇಟ್ಟ ಬಿದಿರು.

ಮೊದಲ ದಿನವೇ ಸೋಮಶೇಖರ್ ಸುಲ್ತಾನನ ಬಾಯಿ ಮೂಸಿ, “ಮಂಡಕ್ಕ್ಯಾಗ ಉಳ್ಳಾಗಡ್ಡಿ ಹಾಕಿರ್ತಾರ. ನಾಯಿಗೆ ವಿಷ ಅದು. ಇನ್ನೊಮ್ಮೆ ತಿನ್ನಿಸಿದ್ರ ನಿಮ್ಮನ್ನ ಸುರಂಗದಾಗ ನುಗ್ಗಿಸ್ತೀನಿ ನೋಡ್ರಿ ಸಾರ್” ಎಂದ. ಆ ಸುರಂಗದಲ್ಲಿ ನಾನು ಸಿಕ್ಕಿಹಾಕಿಕೊಳ್ಳುವುದು ಖಂಡಿತವಾದ್ದರಿಂದ ಅಂದಿನಿಂದ ಮಿರ್ಚಿ ನಿಂತಿತು, ನಾಯಿಯದು. ಸುಲ್ತಾನ ಒಂದು ಗೇಣು ಎತ್ತರದ ಬಿದಿರಿನ ಹತ್ತಿರ ಹೋಗಿ, ಮೂಸಿ, ಸುತ್ತು ಹಾಕಿಕೊಂಡು ಆಚೆ ಬಂದ. “ದಾರಿ ಇರುವಾಗ ಯಾಕೆ ಹಾರಬೇಕು, ಬುದ್ಧಿವಂತ ಅದಾನ” ಎಂದೆ. “ಸಾರ್, ನಾಯಿಗಿಂತ ಮೊದಲು ನೀವು ಸಮರ್ಥನಿ ಮಾಡೋದು ಬಿಡ್ರಿ” ಎಂದ ಅವನು.

ಮರುಳಸಿದ್ದಮ್ಮ ಆ ಬಯಲಿಗೆ ಬಂದದ್ದು ಮೂರನೆಯ ಭಾನುವಾರ. ಅರವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಕುರಿ ಕಾಯುವವರ ಉದ್ದ ಕೋಲು, ಹಿಂದೆ ಕೆಂಪು ಬಣ್ಣದ ಒಂದು ನಾಯಿ. ಹಗ್ಗ ಇಲ್ಲ, ಬೆಲ್ಟಿಲ್ಲ. ಅದರ ಒಂದು ಕಿವಿ ಎಂದೋ ತೋಳದ ಬಾಯಿಗೆ ಸಿಕ್ಕು ಸೀಳಿತ್ತು.

“ಇಲ್ಲಿ ನಾಯಿಗೆ ಸೂಜಿ ಹಾಕೋರು ಯಾರ್ರಿ?”

ನಮ್ಮ ಹದಿಮೂರು ನಾಯಿಗಳೂ ಬೊಗಳಿದವು. ಕೆಂಪು ನಾಯಿ ಅವನ್ನೆಲ್ಲ ಒಂದೊಂದಾಗಿ ನೋಡಿತು, ಎಣಿಸುವ ಹಾಗೆ. ಆಮೇಲೆ ಸದ್ದಿಲ್ಲದೆ ಗೇಟಿನ ಕಡೆ ಹೋಗಿ, ಮಟನ್ ಅಂಗಡಿಯ ದಿಕ್ಕಿಗೆ ಹೊರಟಿದ್ದ ಸುಲ್ತಾನನನ್ನು ಭುಜದಿಂದ ನೂಕುತ್ತ ನನ್ನ ಕಾಲ ಹತ್ತಿರ ತಂದು ಬಿಟ್ಟಿತು.

“ತಪ್ಪಿಸ್ಕೊಂಡಿತ್ತಲ್ರಿ, ಅದಕ್ಕ” ಎಂದರು ಮರುಳಸಿದ್ದಮ್ಮ, ಕ್ಷಮೆ ಕೇಳುವಂತೆ.

ಅವರ ಕಥೆ ಅಲ್ಲಿಯೇ ನಿಂತು ಕೇಳಿದೆವು. ಕಾನಹೊಸಹಳ್ಳಿ ಕಡೆಯವರು. ನಲವತ್ತು ವರ್ಷ ಗಂಡ ಗಾದೆಪ್ಪನ ಜೊತೆ ಕುರಿ ಹಿಂಡಿನ ಹಿಂದೆ ನಡೆದವರು. ಹೋದ ವರ್ಷ ಗಾದೆಪ್ಪ ಹಳ್ಳ ದಾಟುವಾಗ ಜಾರಿ ಸೊಂಟದ ಮೂಳೆ ಮುರಿದುಕೊಂಡ. ಕುರಿಯ ಹಿಂದೆ ನಡೆಯುವ ಬದುಕು ಅಲ್ಲಿಗೆ ಮುಗಿಯಿತು. ಹಿಂಡನ್ನು ಮಾರಿ ಇಬ್ಬರೂ ಕೊಟ್ಟೂರಿನಲ್ಲಿದ್ದ ಮಗಳು ಸಂಗೀತಾಳ ಮನೆ ಸೇರಿದರು. ಗಾದೆಪ್ಪ ಟಿವಿಗೆ ಒಗ್ಗಿಕೊಂಡ, ಮರುಳಸಿದ್ದಮ್ಮ ಗ್ಯಾಸಿನ ಒಲೆಗೆ ಒಗ್ಗಿಕೊಂಡರು. ಕೆಲಸ ಮುಗಿಯಿತು ಎಂದು ಆ ಕೆಂಪು ನಾಯಿ ಕೆಂಚನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಕೆಂಚ ದಿನಾ ಬೆಳಿಗ್ಗೆ ಓಣಿಯಲ್ಲಿ ಶಾಲೆಗೆ ಹೊರಟ ಮಕ್ಕಳನ್ನೆಲ್ಲ ಕೂಡಿಸಿ ಒಂದು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ. ಕಚ್ಚುವುದಿಲ್ಲ, ಬೊಗಳುವುದೂ ಇಲ್ಲ. ಆದರೆ ಮರುಳಸಿದ್ದಮ್ಮ ಸಿಳ್ಳೆ ಹಾಕುವ ತನಕ ಒಂದು ಮಗುವನ್ನೂ ಅಲುಗಾಡಲು ಬಿಡುತ್ತಿರಲಿಲ್ಲ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಂದು ದಿನ ಹಾಲಿನವನ ಸ್ಕೂಟರನ್ನು ಗುಂಪಿಗೆ ಸೇರಿಸಲು ಹೋಗಿ, ಸ್ಕೂಟರು ಬಿದ್ದು, ಓಣಿ ತುಂಬ ಹಾಲು ಹರಿಯಿತು. ಓಣಿಯವರು ಕೂತು ಮಾತಾಡಿ ಯುಗಾದಿಯ ತನಕ ಗಡುವು ಕೊಟ್ಟರು. ಅಷ್ಟರೊಳಗೆ ನಾಯಿ ಸುಮ್ಮನಾಗಬೇಕು, ಇಲ್ಲವೆ ಓಣಿ ಬಿಡಬೇಕು. ಎರಡು ದಿನ ಕಟ್ಟಿಹಾಕಿ ನೋಡಿದರು. ಕೆಂಚ ರೊಟ್ಟಿ ಮೂಸಲಿಲ್ಲ, ನೀರು ಮುಟ್ಟಲಿಲ್ಲ.

“ಒಂದು ಸೂಜಿ ಐತಂತಲ್ರಿ, ಹಾಕಿದ್ರ ನಾಯಿ ಸುಮ್ಮನಾಗ್ತೈತಂತ.”

ಸೋಮಶೇಖರ್ ಕೆಂಚನ ಮುಂದೆ ಕುಳಿತು ಹಲ್ಲು ನೋಡಿದ, ಪಾದ ಎತ್ತಿ ನೋಡಿದ, ಕಿವಿಯೊಳಗೆ ಬೆರಳಿಟ್ಟು ನೋಡಿದ. ಒಂದು ಉಣ್ಣೆಹುಳವೂ ಸಿಗಲಿಲ್ಲ. ನಮ್ಮಲ್ಲಿ ಶಾಂಪೂ ಹಾಕುವ ನಾಯಿಗಳಿಗೂ ಈ ಮಾತು ಹೇಳುವಂತಿರಲಿಲ್ಲ.

“ಯವ್ವಾ, ಇದಕ್ಕ ರೋಗ ಇಲ್ಲ. ಕೆಲಸ ಇಲ್ಲ, ಅಷ್ಟ” ಎಂದ. “ಸೂಜಿ ಬ್ಯಾಡ. ಭಾನುವಾರ ಭಾನುವಾರ ಕರ್ಕೊಂಡು ಬರ್ರಿ. ಈ ಸುತ್ತು ಪೂರ್ತಿ ಕಲೀಲಿ. ಆಮ್ಯಾಲ ದಿನಾ ಮುಂಜಾನಿ ನೀವ ಇಲ್ಲಿ ಬಂದು ಇಪ್ಪತ್ತು ಸುತ್ತು ಓಡಸ್ರಿ. ದಣಿದ ನಾಯಿ ಓಣ್ಯಾಗ ಯಾರ ಗೊಡವಿಗೂ ಹೋಗಲ್ಲ.”

ಯುಗಾದಿಗೆ ಏಳು ವಾರವಿತ್ತು.

ಕೆಂಚ ಸುರಂಗವನ್ನು ಮೊದಲ ಸಲವೇ ನುಗ್ಗಿ ಆಚೆ ಬಂದ. ಡ್ರಿಪ್ ಪೈಪುಗಳ ನಡುವೆ ಹರಿದದ್ದು ನೋಡಿ ಸೋಮಶೇಖರ್ ತನ್ನ ಟೋಪಿ ತೆಗೆದ. ಆದರೆ ಸುತ್ತು ಶುರುವಾಗುವುದು ಬಿದಿರಿನ ಅಡ್ಡಗೋಲಿನಿಂದ, ನಡುವೆ ಇನ್ನೂ ನಾಲ್ಕು ಇವೆ. ಅಡ್ಡಗೋಲಿನ ಹತ್ತಿರ ಬಂದ ಕೂಡಲೇ ಕೆಂಚ ಮಲಗಿಬಿಡುತ್ತಿದ್ದ. ಮುಂಗಾಲು ಚಾಚಿ, ತಲೆ ಎತ್ತಿ, ಕಾವಲು ಕೂತಂತೆ. ಆಚೆ ಬದಿಯಲ್ಲಿ ಸೋಮಶೇಖರ್ ಬೇಯಿಸಿದ ಕೋಳಿತುಂಡು ಹಿಡಿದು “ಜಂಪ್! ಬಾ, ಬಾ ಮಗನ!” ಎಂದು ಕರೆಯುತ್ತಾನೆ. ಕೆಂಚ ಕೋಳಿಯನ್ನು ನೋಡುತ್ತಾನೆ, ಜೊಲ್ಲು ಸುರಿಸುತ್ತಾನೆ, ಏಳುವುದಿಲ್ಲ. ಬಿದಿರನ್ನು ನೆಲಕ್ಕೇ ಇಳಿಸಿದರೂ ಅಷ್ಟೆ. ಆಗ ಮರುಳಸಿದ್ದಮ್ಮ ಹೋಗಿ, ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೆರಗಿನ ಗಂಟಿನಿಂದ ಜೋಳದ ರೊಟ್ಟಿ ಬಿಚ್ಚಿ ತಿನ್ನಿಸಿ, “ಶಾಭಾಸ್ ಮಗನ” ಎನ್ನುತ್ತಿದ್ದರು.

ಸೋತ ನಾಯಿಯನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡೆವು. ತಾಯಿ ಕರುಳು ಎಂದು ನಾನು ಮನೆಯಲ್ಲಿ ಹೇಳಿಯೂ ಹೇಳಿದೆ. ಒಮ್ಮೆ ಧೈರ್ಯ ಹೇಳೋಣವೆಂದು ಹತ್ತಿರ ಹೋಗಿ, “ಬೇಜಾರು ಮಾಡ್ಕಬ್ಯಾಡ್ರಿ ಅಕ್ಕ, ನಮ್ಮ ಸುಲ್ತಾನನೂ ಹಾರಲ್ಲ” ಎಂದೆ.

“ಅದಕ್ಕ ಮತ್ತ, ಈ ಬಯಲಾಗ ಮರ್ಯಾದಿ ಇರೋದು ನಿಮ್ಮ ನಾಯಿಗೊಂದ ನೋಡ್ರಿ” ಎಂದರು ಅವರು.

ಸುಲ್ತಾನನ ಬಗ್ಗೆ ಯಾರೂ ಎಂದೂ ಹಾಗೆ ಹೇಳಿರಲಿಲ್ಲ. ಆ ಮಾತನ್ನು ನಾನು ಎರಡು ದಿನ ನೆನೆಸಿಕೊಂಡು ಸುಖಪಟ್ಟೆ. ಅರ್ಥವೇನೆಂದು ಕೇಳಲಿಲ್ಲ.

ಅರ್ಥ ಗೊತ್ತಾದದ್ದು ಅವರ ಐದನೆಯ ಭಾನುವಾರ. ಮೇಘಾ ಎಂಬ ಕಾಲೇಜು ಹುಡುಗಿಯ ಪೊಮೆರೇನಿಯನ್ ಅಂದು ಮೊದಲ ಸಲ ಐದೂ ಅಡ್ಡಗೋಲು ಹಾರಿತು. ನಾವೆಲ್ಲ ಜೋರಾಗಿ ಚಪ್ಪಾಳೆ ಹೊಡೆದೆವು. ಮರುಳಸಿದ್ದಮ್ಮ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ಮೇಷ್ಟ್ರ, ನೀವು ತಿಳಿದೋರು. ಹಿಂಗ ಚಪ್ಪಾಳಿ ಹೊಡದು ನಗಬ್ಯಾಡ ಅನ್ರಿ ಎಲ್ಲಾರಿಗೂ. ಪಾಪ, ಸಣ್ಣ ನಾಯಿ. ಬೇಲಿ ಹಾರೋ ಚಟ ಬಿಡಿಸಿದ್ರ ಬಿಡ್ತೈತಿ. ಆ ಹುಡುಗಿಗೆ ಎಷ್ಟು ನಾಚಿಕಿ ಆಗಿರ್ಬೇಕು.”

ಸೋಮಶೇಖರನನ್ನು ಕರೆದೆ. ಅವನ ಮುಂದೆ ಅವರು ಇನ್ನೊಮ್ಮೆ ಹೇಳಬೇಕಾಯಿತು.

ಕುರಿಯವರು ರೈತರ ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ಕೂಡಲು ಸುತ್ತ ಬಲೆ ಕಟ್ಟುತ್ತಾರೆ. ಅದಕ್ಕೆ ರೊಪ್ಪ ಎನ್ನುತ್ತಾರೆ. ನಾಯಿಯ ಜಾಗ ರೊಪ್ಪದ ಹೊರಗೆ. ಒಳಗೆ ಹಾರಿತೆಂದರೆ ಕುರಿ ಬೆದರುತ್ತವೆ, ಬಲೆ ಕೀಳುತ್ತವೆ. ಅದಕ್ಕೆ ಮರಿಯಿದ್ದಾಗಲೇ ಪಾಠ. ಯಜಮಾನ ಬಲೆಯ ಒಳಗೆ ರೊಟ್ಟಿ ಹಿಡಿದು ಕೂತು ನಾಯಿಯನ್ನು ಕರೆಯುತ್ತಾನೆ. ಹಾರಿ ಬಂದರೆ ರೊಟ್ಟಿಯಿಲ್ಲ, ಮಾತೂ ಇಲ್ಲ. ಹೊರಗೇ ಮಲಗಿದರೆ ಯಜಮಾನನೇ ಹೊರಗೆ ಹೋಗಿ, ಪಕ್ಕ ಕೂತು ತಿನ್ನಿಸುತ್ತಾನೆ. ಹೀಗೆ ಎರಡು ಸಲ ಕರೆಯುತ್ತಾರೆ.

“ಮೂರನೇ ಸಲ?” ಎಂದೆ.

“ಮೂರನೇ ಸಲ ಕರೆಯಂಗಿಲ್ರಿ. ಎರಡು ಸಲ ಪರೀಕ್ಷಿಗೆ. ಮೂರನೇದು ಖರೇನ ಕರೆದಂಗ. ಬೆಂಕಿ ಬಿದ್ದಾಗೋ, ಒಳಗ ನಮಗ ಏನಾರ ಆದಾಗೋ. ಆವಾಗ ಹಾರ್ತೈತಿ.”

ಸೋಮಶೇಖರ್ ನಿಧಾನವಾಗಿ ಬಿದಿರಿನ ಮೇಲೆಯೇ ಕುಳಿತ. ಅದು ಮುರಿಯಿತು. “ಐದು ವಾರದಿಂದ ಕೋಳಿ ಹಿಡಕೊಂಡು ಕರದೀನಿ ಸಾರ್. ಹದಿನೇಳು ವರ್ಷ ಸರ್ವಿಸ್ ನಂದು. ಆ ನಾಯಿ ಐದು ವಾರದಿಂದ ನನಗ ಸರಿ ಉತ್ತರ ಕೊಟ್ಟೈತಿ.”

ಆಮೇಲೆ ಅವನ ಮುಖ ಅರಳಿತು. “ಯವ್ವಾ, ಹಂಗಾರ ಸಲೀಸು. ನೀವು ಆ ಕಡೆ ನಿಂತು ಮೂರು ಸಲ ಕರೀರಿ. ಒಮ್ಮೆ ಹಾರಿತಂದ್ರ ಎರಡು ವಾರದಾಗ ಸುತ್ತು ಪೂರ್ತಿ ಕಲಿಸ್ತೀನಿ. ಯುಗಾದಿಗೆ ನಾಯಿ ನಿಮ್ಮ ಮನ್ಯಾಗ ಇರ್ತೈತಿ.”

ಬೇರೆ ಬಿದಿರು ತಂದು ಇಟ್ಟೆವು. ಮರುಳಸಿದ್ದಮ್ಮ ಆಚೆ ಹೋಗಿ ನಿಂತು, ರೊಟ್ಟಿ ಹಿಡಿದು, “ಕೆಂಚಾ” ಎಂದು ಕರೆದರು. ಕೆಂಚ ಮಲಗಿದ. “ಕೆಂಚಾ, ಬಾರೋ.” ಕೆಂಚ ಅಲುಗಲಿಲ್ಲ, ಆದರೆ ಅವನ ಹಿಂಗಾಲು ನಡುಗುತ್ತಿತ್ತು, ಕಣ್ಣು ಅವರ ತುಟಿಯ ಮೇಲಿತ್ತು. ಮರುಳಸಿದ್ದಮ್ಮ ಬಾಯಿ ತೆರೆದರು. ಮುಚ್ಚಿದರು. ಸುತ್ತಿಕೊಂಡು ಈಚೆ ಬಂದು ಅವನ ಪಕ್ಕ ಕೂತು ರೊಟ್ಟಿ ತಿನ್ನಿಸಿದರು.

“ಯಾಕ್ರಿ ಯವ್ವಾ?”

“ಕರೆದಿದ್ರ ಹಾರ್ತಿತ್ತು” ಎಂದರು. “ಸುಮ್ಮಸುಮ್ಮನ ಒಮ್ಮೆ ಹಾರಿದ ನಾಯಿನ ಯಾವ ಕುರಿಯವನೂ ಮುಟ್ಟಲ್ಲ. ಇಲ್ಲಿ ನಾಳೆ ಓಣಿಯವರು ಮತ್ತ ಬ್ಯಾಡ ಅಂದ್ರ ಅದು ಎಲ್ಲಿಗೆ ಹೋಗ್ಬೇಕು? ಅದಕ್ಕ ಬರೋದು ಒಂದ ವಿದ್ಯಾ. ನನ್ನ ಹತ್ರ ಇಟ್ಕೊಬೇಕು ಅಂತ ಅದನ್ನೂ ಮರೆಸ್ಲೇನು?”

ಮುಂದಿನ ಭಾನುವಾರ ಅವರು ಕ್ಲಾಸಿಗೆ ಬರಲಿಲ್ಲ, ನಮ್ಮ ಮನೆಗೆ ಬಂದರು. ದೂರದ ಸಂಬಂಧಿ ಓಬಳೇಶಪ್ಪನ ಹಿಂಡು ಕಾನಹೊಸಹಳ್ಳಿ ಹತ್ತಿರ ಜೋಳ ಕೊಯ್ದ ಹೊಲದಲ್ಲಿ ಇಳಿದಿದೆ. ಕೆಂಚನನ್ನು ಅವನ ಹತ್ತಿರ ಬಿಡಬೇಕು, ಬಸ್ಸಿನಲ್ಲಿ ನಾಯಿ ಹತ್ತಿಸಿಕೊಳ್ಳುವುದಿಲ್ಲ. ನಿಮ್ಮ ಕಾರು ಐತಲ್ರಿ ಎಂದರು. ಸುಲ್ತಾನನನ್ನೂ ಕರೆದುಕೊಂಡು ಹೋಗಬೇಕಾಯಿತು. ಮನೆಯಲ್ಲಿ ಒಬ್ಬನೇ ಬಿಟ್ಟರೆ ಸೋಫಾ ತಿನ್ನುತ್ತಾನೆ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮರುಳಸಿದ್ದಮ್ಮ ಕೆಂಚನ ಕಿವಿಯ ಸೀಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಸುಲ್ತಾನ ಮುಂದಿನ ಸೀಟಿನಲ್ಲಿ ಸಾಹೇಬನಂತೆ ಕೂತಿದ್ದ.

ಓಬಳೇಶಪ್ಪ ತೆಳ್ಳಗೆ ಎತ್ತರದ ಮನುಷ್ಯ. ಸಂಜೆಯಾಗಿತ್ತು; ನೂರೈವತ್ತು ಕುರಿ ತೊಡೆಯೆತ್ತರದ ಬಲೆಯೊಳಗಿದ್ದವು. ಅವನು ಕೆಂಚನನ್ನು ಸುತ್ತು ಹಾಕಿ ನೋಡಿದ. “ಊರಾಗ ಇದ್ದು ಕೆಟ್ಟಿಲ್ಲ ಹೌದಲ್ಲ ಚಿಗವ್ವ? ಪ್ಯಾಟಿ ನಾಯಿ ಸಾವಾಸ ಮಾಡೈತೆಂತ ಕೇಳೀನಿ” ಎನ್ನುತ್ತ ಸುಲ್ತಾನನ ಕಡೆ ಒಂದು ನೋಟ, ನನ್ನ ಕಡೆ ಒಂದು ನೋಟ ಎಸೆದ.

“ನೀನ ನೋಡಪ್ಪ” ಎಂದು ಮರುಳಸಿದ್ದಮ್ಮ ಬಲೆ ಎತ್ತಿ ಒಳಗೆ ಹೋಗಿ ಕುಳಿತರು. ರೊಟ್ಟಿ ತೆಗೆದರು. “ಕೆಂಚಾ.” ಕೆಂಚ ಬಲೆಯ ಹೊರಗೆ ಮಲಗಿದ. “ಕೆಂಚಾ, ಬಾರೋ.”

ಕೆಂಚ ಅಲುಗಲಿಲ್ಲ. ಅಲುಗಿದ್ದು ನನ್ನ ಕೈಯಲ್ಲಿದ್ದ ಬೆಲ್ಟು.

ಎಂಟು ವಾರ ಒಂದು ಗೇಣಿನ ಬಿದಿರನ್ನು ಸುತ್ತಿಕೊಂಡು ಬಂದ ನನ್ನ ಸುಲ್ತಾನ, ರೊಟ್ಟಿಯ ವಾಸನೆಗೆ ನನ್ನ ಕೈ ಕಿತ್ತುಕೊಂಡು, ಸೋಮಶೇಖರ್ ಹೇಳಿಕೊಟ್ಟ ಹಾಗೆಯೇ ಓಟದ ಲಯ ಹಿಡಿದು, ಹಿಂಗಾಲು ಒತ್ತಿ, ತೊಡೆಯೆತ್ತರದ ಬಲೆಗೆ ಹಾರಿದ. ಮುಂಗಾಲು ದಾಟಿದವು. ಎದೆ ದಾಟಿತು. ಹೊಟ್ಟೆ ದಾಟಲಿಲ್ಲ. ಬಲೆ, ಗೂಟ ಸಮೇತ ಒಳಗೆ ಬಿದ್ದ. ಬಿದ್ದಲ್ಲಿಂದಲೇ ರೊಟ್ಟಿ ತಿಂದ. ನೂರೈವತ್ತು ಕುರಿಗಳು ಬಲೆ ಬಿದ್ದ ಕಡೆಯಿಂದ ಹೊರನುಗ್ಗಿ ಹೊಲದ ನಾಲ್ಕೂ ದಿಕ್ಕಿಗೆ ಚೆದುರಿದವು.

“ಏನ್ ನಾಯಿಲೇ ಅದು!” ಎಂದು ಓಬಳೇಶಪ್ಪ ಕೂಗಿದ. ‘ಲೇ’ ಅಂದದ್ದು ನಾಯಿಗೋ ನನಗೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುಳಸಿದ್ದಮ್ಮ ಎದ್ದು ನಿಂತು ಒಂದು ಸಿಳ್ಳೆ ಹಾಕಿದರು. ಒಂದೇ. ಕೆಂಚ ಎದ್ದ. ನೆಲಕ್ಕೆ ಹೊಟ್ಟೆ ತಾಕಿಸಿಕೊಂಡಂತೆ ಓಡಿ, ದೂರದ ಕುರಿಗಳ ಆಚೆ ಬದಿ ಸೇರಿ, ಅಲ್ಲಿಂದ ತಿರುಗಿದ. ಒಂದು ಕಡೆಯಿಂದ ಸೆರಗು ಮಡಿಸಿದಂತೆ ಹಿಂಡು ಮಡಚಿಕೊಳ್ಳುತ್ತ ಬಂತು. ಹತ್ತು ನಿಮಿಷದಲ್ಲಿ ನೂರೈವತ್ತೂ ಒಳಗಿದ್ದವು. ಓಬಳೇಶಪ್ಪ ಬಲೆ ಕಟ್ಟಿದ. ಕೆಂಚ ನಾಲಿಗೆ ಚಾಚಿ ರೊಪ್ಪದ ಬಾಯಿ ಹತ್ತಿರ ನಿಂತಿದ್ದ, ಬಾಲ ಆಡಿಸುತ್ತ. ಇಷ್ಟು ವಾರದಲ್ಲಿ ಆ ಬಾಲ ಆಡುತ್ತದೆಂದು ನನಗೆ ಗೊತ್ತಿರಲಿಲ್ಲ.

“ಇನ್ನು ಪರೀಕ್ಷಿ ಏನು ನೋಡ್ಲಿ” ಎಂದ ಓಬಳೇಶಪ್ಪ. “ಬಿಟ್ಟು ಹೋಗು ಚಿಗವ್ವ. ಮಗನಂಗ ನೋಡ್ಕೊಂತೀನಿ.”

ಮರುಳಸಿದ್ದಮ್ಮ ಹೊರಗೆ ಬಂದು ಕೆಂಚನ ಪಕ್ಕ ಕೂತು ಉಳಿದ ರೊಟ್ಟಿ ತಿನ್ನಿಸಿದರು. ಎದ್ದು ಕಾರಿನ ಕಡೆ ನಡೆದರು. ಕೆಂಚ ಎದ್ದ. ಅವರನ್ನು ನೋಡಿದ, ಕುರಿಗಳನ್ನು ನೋಡಿದ, ನಾಲ್ಕು ಹೆಜ್ಜೆ ಬಂದ. ತಿರುಗಿ ಹೋಗಿ ಬಲೆಯ ಬಾಯಿಗೆ ಮಲಗಿದ.

“ಬರ್ತಾನೇನ್ರಿ?” ಎಂದು ಅವರು ಕೇಳಿದರು, ತಿರುಗಿ ನೋಡದೆ.

“ಇಲ್ಲಕ್ಕ. ಮಲಗ್ಯಾನ.”

“ಚೊಲೋ ಆತು. ರೊಪ್ಪ ಬಿಟ್ಟು ಬರಬಾರ್ದು. ನಾನ ಕಲಿಸಿದ್ದು” ಎಂದರು. ಕಾರಿನಲ್ಲಿ ಹಿಂದಿನ ಸೀಟು ಖಾಲಿಯಿದ್ದರೂ ಅವರು ಮೂಲೆಗೆ ಒತ್ತಿಕೊಂಡೇ ಕೂತರು. ಕೂಡ್ಲಿಗಿ ರಸ್ತೆ ಸೇರಿದ ಮೇಲೆ ಅಂದರು: “ನಿಮ್ಮದು ಹಾರಿಬಿಡ್ತಲ್ರಿ ಮೇಷ್ಟ್ರ. ಮರ್ಯಾದಿ ಐತಿ ಅನ್ಕಂಡಿದ್ದೆ.”

ಯುಗಾದಿ ಬಂತು, ಹೋಯಿತು. ಓಣಿಯವರು ಬೇವು ಬೆಲ್ಲ ಹಂಚಿದರು. ಅದಾದ ಭಾನುವಾರ ಮರುಳಸಿದ್ದಮ್ಮ ಕೈಯಲ್ಲಿ ಕೋಲು ಹಿಡಿದು, ಹಿಂದೆ ನಾಯಿಯಿಲ್ಲದೆ, ಬಯಲಿಗೆ ಬಂದರು. ಸುಮ್ಮನೆ ನನ್ನ ಕೈಯಿಂದ ಬೆಲ್ಟು ತೆಗೆದುಕೊಂಡರು. “ಈ ಚಟ ಬಿಡಿಸ್ತೀನಿ, ಕೊಡ್ರಿ.” ಸೋಮಶೇಖರ್ ಬಿದಿರು ಸರಿಸಿ ಅವರಿಗೆ ಜಾಗ ಬಿಟ್ಟ.

ಈಗ ದಿನಾ ಬೆಳಿಗ್ಗೆ ಅವರು ಸುಲ್ತಾನನನ್ನು ಹರಪನಹಳ್ಳಿ ರಸ್ತೆಯಲ್ಲಿ ಮೂರು ಮೈಲಿ ನಡೆಸುತ್ತಾರೆ. ಅವನ ಕಿವಿ ನೋಡುತ್ತಾರೆ, ಪಾದದಿಂದ ಮುಳ್ಳು ತೆಗೆಯುತ್ತಾರೆ. ಕಾಟಾದಲ್ಲಿ ಈಗ ಅವನು ಮೂವತ್ತನಾಲ್ಕು. ನನ್ನ ತೂಕವನ್ನು ಸೌಭಾಗ್ಯ ಕೇಳುತ್ತಿರುತ್ತಾಳೆ, ನಾನು ಮಾತು ತಿರುಗಿಸುತ್ತಿರುತ್ತೇನೆ. ವಾರಕ್ಕೊಮ್ಮೆ ಮರುಳಸಿದ್ದಮ್ಮ ನನ್ನ ಫೋನಿನಿಂದ ಓಬಳೇಶಪ್ಪನಿಗೆ ಫೋನು ಮಾಡುತ್ತಾರೆ. ಕುರಿ ಕಾಯುವವರ ದನಿ ಹೊಲದಾಚೆಗೂ ಕೇಳುವಂಥದು; ಆದರೆ ಫೋನಿನಲ್ಲಿ ಅವರು ಪಿಸುಗುಡುತ್ತಾರೆ. ಯಾಕೆಂದು ಒಮ್ಮೆ ಕೇಳಿದೆ.

“ಅದು ಅಲ್ಲೇ ಮಲಗಿರ್ತೈತಲ್ರಿ. ನನ್ನ ದನಿ ಕೇಳಿದ್ರ ಕರೆದ್ರು ಅನ್ಕೊಂತೈತಿ.”

ಮೊನ್ನೆ ಹರಪನಹಳ್ಳಿಯಲ್ಲಿ ನಾಯಿಗಳ ಪ್ರದರ್ಶನವಿತ್ತು. ಸೋಮಶೇಖರ್ ನಮ್ಮನ್ನೆಲ್ಲ ಟೆಂಪೋದಲ್ಲಿ ಕರೆದುಕೊಂಡು ಹೋಗಿದ್ದ. ಅಲ್ಲಿ ನಿಜವಾದ, ಬಣ್ಣ ಬಳಿದ ಅಡ್ಡಗೋಲುಗಳಿದ್ದವು. ನಮ್ಮ ಸರದಿ ಬಂದಾಗ ಸುಲ್ತಾನ ಗತ್ತಿನಿಂದ ಓಡಿ ಹೋಗಿ, ಮೊದಲ ಅಡ್ಡಗೋಲಿನ ಮುಂದೆ ಮುಂಗಾಲು ಚಾಚಿ, ತಲೆ ಎತ್ತಿ ಮಲಗಿದ. ನಾನು ಆಚೆ ಬದಿಗೆ ನಿಂತು ಕರೆದೆ. ಜನ ನಕ್ಕರು. ಇನ್ನೊಮ್ಮೆ ಕರೆದೆ. ತೀರ್ಪುಗಾರ ಗಡಿಯಾರ ನೋಡಿದ. ಸುಲ್ತಾನನ ಹಿಂಗಾಲು ನಡುಗುತ್ತಿತ್ತು. ನಾನು ಬಾಯಿ ತೆರೆದೆ.

“ಮೇಷ್ಟ್ರ, ಕರೀಬ್ಯಾಡ್ರಿ! ಹಾರಿಬಿಟ್ಟಾನು!” ಹಗ್ಗದ ಆಚೆಯಿಂದ, ಹೊಲದಾಚೆಗೂ ಕೇಳುವ ದನಿ.

ನಾನು ಬಾಯಿ ಮುಚ್ಚಿದೆ. ತೀರ್ಪುಗಾರ ಸೊನ್ನೆ ಬರೆದುಕೊಂಡ. ಮರುಳಸಿದ್ದಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಹಗ್ಗದ ಕೆಳಗೆ ಬಗ್ಗಿ ಮೈದಾನಕ್ಕೆ ಬಂದು, ಸುಲ್ತಾನನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿದರು. ನಾನೂ ಸುತ್ತಿಕೊಂಡು ಈಚೆ ಬಂದು ಅವರ ಪಕ್ಕ ಕುಳಿತೆ. ರೊಟ್ಟಿ ಮುರಿದು ಒಂದು ಚೂರು ನನಗೂ ಕೊಟ್ಟರು.